ಮೂಟೆ, ತಿಪ್ಪೆ, ಮಳೆ: ಮೆಕ್ಕೆಜೋಳದ ತೆನೆ ತುಂಬುವ ಲೆಕ್ಕ

2025ರ ಜುಲೈನಲ್ಲಿ ಹಾವೇರಿ, ಗದಗ, ಕೊಪ್ಪಳ, ದಾವಣಗೆರೆ ಜಿಲ್ಲೆಗಳ ಸೊಸೈಟಿಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ಬೆಳೆಯುತ್ತಿತ್ತು. ಕೈಯಲ್ಲಿ ಆಧಾರ್ ಕಾರ್ಡ್, ಮನಸ್ಸಿನಲ್ಲಿ ಹೊಲದ ಚಿಂತೆ. ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಿದ್ದುದು ಒಂದೇ ಸರಕು, ಯೂರಿಯಾ. ಆ ವರ್ಷ ಮುಂಗಾರು ವಾಡಿಕೆಗಿಂತ ಮೊದಲೇ ಕಾಲಿಟ್ಟಿತ್ತು. ಬಿತ್ತನೆ ಬೇಗ ಮುಗಿದಿತ್ತು, ಮೆಕ್ಕೆಜೋಳದ ಕ್ಷೇತ್ರವೂ ಹಿಗ್ಗಿತ್ತು. ಹೀಗಾಗಿ ಲಕ್ಷಾಂತರ ಎಕರೆಯ ಬೆಳೆಗೆ ಮೇಲುಗೊಬ್ಬರ ಕೊಡುವ ಹೊತ್ತು ಒಟ್ಟಿಗೇ ಬಂದಿತ್ತು.

ಹಾವೇರಿಗೆ ಗೊಬ್ಬರದ ಸಾಲು ಹೊಸದಲ್ಲ. 2008ರ ಜೂನ್ 10ರಂದು ಅಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಒಂದು ಮೂಟೆ ಗೊಬ್ಬರ ಸಿಗುವುದು, ಸಿಗದಿರುವುದು ಈ ಭಾಗದ ಜನರಿಗೆ ಎಷ್ಟು ದೊಡ್ಡ ವಿಷಯ ಎಂಬುದನ್ನು ಆ ಘಟನೆಗಿಂತ ಹೆಚ್ಚಾಗಿ ವಿವರಿಸಬೇಕಿಲ್ಲ.

ಈ ಆತಂಕಕ್ಕೆ ಕಾರಣವಿದೆ. ಒಂದು ಕಾಲಕ್ಕೆ ಹತ್ತಿ, ಬಿಳಿಜೋಳ, ಶೇಂಗಾ ಬೆಳೆಯುತ್ತಿದ್ದ ಮಧ್ಯ ಕರ್ನಾಟಕದ ಹೊಲಗಳನ್ನು ಕಳೆದ ಮೂರು ದಶಕಗಳಲ್ಲಿ ಮೆಕ್ಕೆಜೋಳ ಆವರಿಸಿಕೊಂಡಿದೆ. ಧಾರವಾಡ–ಹಾವೇರಿ ಕಡೆಯವರು ಗೋವಿನಜೋಳ, ಹಳೆ ಮೈಸೂರಿನವರು ಮುಸುಕಿನ ಜೋಳ ಎನ್ನುವ ಈ ಬೆಳೆಗೆ ಕೋಳಿ ಆಹಾರದ ಕಾರ್ಖಾನೆಗಳು ಮಾರುಕಟ್ಟೆ ಕೊಟ್ಟವು. ಈಚೆಗೆ ಎಥೆನಾಲ್ ಘಟಕಗಳೂ ಸೇರಿಕೊಂಡಿವೆ. ದೇಶದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ರಾಜ್ಯಗಳ ಮುಂಚೂಣಿಯಲ್ಲಿ ಕರ್ನಾಟಕವಿದೆ. ಆದರೆ ಭಾರತದ ಸರಾಸರಿ ಇಳುವರಿ ಹೆಕ್ಟೇರಿಗೆ ಮೂರರಿಂದ ಮೂರೂವರೆ ಟನ್ ಆಸುಪಾಸಿನಲ್ಲಿದೆ, ಎಂದರೆ ಎಕರೆಗೆ ಹನ್ನೆರಡರಿಂದ ಹದಿನಾಲ್ಕು ಕ್ವಿಂಟಲ್. ಅಮೆರಿಕದ ಸರಾಸರಿ ಹೆಕ್ಟೇರಿಗೆ ಸುಮಾರು 11 ಟನ್. ಹೈಬ್ರಿಡ್ ಬೀಜ ನಮ್ಮಲ್ಲೂ ಇದೆ, ಬಿಸಿಲಿಗಂತೂ ಬರವಿಲ್ಲ. ಅಂತರದ ದೊಡ್ಡ ಪಾಲು ಇರುವುದು ಮಣ್ಣಿಗೆ ಏನು ಕೊಡುತ್ತೇವೆ, ಯಾವಾಗ ಕೊಡುತ್ತೇವೆ, ಅದನ್ನು ಬೇರಿಗೆ ತಲುಪಿಸುವ ನೀರು ಆ ಹೊತ್ತಿಗೆ ಇದೆಯೇ ಎಂಬುದರಲ್ಲಿ.

ಮೊಣಕಾಲುದ್ದದ ಗಿಡ ಮಾಡುವ ತೀರ್ಮಾನ

ಕಾಲು ಗ್ರಾಂ ತೂಗುವ ಒಂದು ಕಾಳು ನಾಲ್ಕು ತಿಂಗಳೊಳಗೆ ಆಳೆತ್ತರ ಮೀರಿ ಬೆಳೆದು, ನಾನೂರು–ಐನೂರು ಕಾಳುಗಳ ತೆನೆ ಕೊಡುತ್ತದೆ. ಬಿಸಿಲನ್ನು ಬಳಸಿ ಸಕ್ಕರೆ ತಯಾರಿಸುವುದರಲ್ಲಿ ಮೆಕ್ಕೆಜೋಳ ಭತ್ತ, ಗೋಧಿಗಳಿಗಿಂತ ಚುರುಕು. ಕಬ್ಬು, ಜೋಳ, ರಾಗಿಗಳಂತೆ ಇದರ ಎಲೆಯಲ್ಲೂ ಇಂಗಾಲವನ್ನು ಹಿಡಿದು ಒತ್ತಟ್ಟಿಗೆ ಕೂಡಿಡುವ ವಿಶೇಷ ಏರ್ಪಾಡಿದೆ. ಇಷ್ಟು ವೇಗವಾಗಿ ಬೆಳೆಯುವ ಗಿಡಕ್ಕೆ ಹಸಿವೂ ಅಷ್ಟೇ ಹೆಚ್ಚು. ಒಂದು ಟನ್ ಕಾಳು ಕೊಡುವ ಬೆಳೆ ಮಣ್ಣಿನಿಂದ ಸುಮಾರು 20ರಿಂದ 25 ಕಿಲೋ ಸಾರಜನಕ ಹೀರುತ್ತದೆ. ಎಕರೆಗೆ 25 ಕ್ವಿಂಟಲ್ ಇಳುವರಿ ಬೇಕೆಂದರೆ 50–60 ಕಿಲೋ ಸಾರಜನಕ ಎಲ್ಲಿಂದಲಾದರೂ ಬರಲೇಬೇಕು.

ಈ ಹಸಿವು ನಾಲ್ಕು ತಿಂಗಳೂ ಒಂದೇ ಸಮ ಇರುವುದಿಲ್ಲ. ಮೊದಲ ಇಪ್ಪತ್ತೈದು–ಮೂವತ್ತು ದಿನಗಳಲ್ಲಿ ಗಿಡ ತನ್ನ ಒಟ್ಟು ಸಾರಜನಕದ ಹತ್ತನೇ ಒಂದು ಪಾಲನ್ನೂ ತೆಗೆದುಕೊಳ್ಳುವುದಿಲ್ಲ. ಆಮೇಲೆ ಒಮ್ಮೆಲೇ ವೇಗ ಹಿಡಿಯುತ್ತದೆ. ಗಿಡ ಮೊಣಕಾಲುದ್ದವಿರುವಾಗಿನಿಂದ ಹೂವಾಡುವವರೆಗಿನ ನಾಲ್ಕೈದು ವಾರಗಳಲ್ಲೇ ಬೇಕಾದುದರ ಹೆಚ್ಚಿನ ಪಾಲು ಎಳೆದುಕೊಳ್ಳುತ್ತದೆ. ಹೊರಗಿನಿಂದ ಬರೀ ಎಲೆ ಕಾಣುವ ಆ ಮೊಣಕಾಲುದ್ದದ ಹಂತದಲ್ಲೇ ದಂಟಿನೊಳಗೆ ತೆನೆಯ ಮೊಳಕೆ ಮೂಡಿ, ಅದರಲ್ಲಿ ಹದಿನಾಲ್ಕು ಸಾಲಿರಬೇಕೋ ಹದಿನಾರಿರಬೇಕೋ ಎಂಬುದು ತೀರ್ಮಾನವಾಗುತ್ತಿರುತ್ತದೆ. ಸಾಲಿನಲ್ಲಿ ಎಷ್ಟು ಕಾಳು ಕೂರಬಹುದು ಎಂಬ ಲೆಕ್ಕ ಹೂವು ಬರುವ ಮುಂಚಿನ ದಿನಗಳಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಹಸಿದ ಗಿಡ ಸಣ್ಣ ತೆನೆಗೆ ಒಪ್ಪಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಮೂಟೆ ಸುರಿದರೂ ಸಾಲಿನ ಎಣಿಕೆ ಬದಲಾಗದು.

ಆದ್ದರಿಂದಲೇ ಕೃಷಿ ವಿಶ್ವವಿದ್ಯಾಲಯಗಳು ಸಾರಜನಕವನ್ನು ಕಂತುಗಳಲ್ಲಿ ಕೊಡಿ ಎನ್ನುತ್ತವೆ. ಒಂದು ಪಾಲು ಬಿತ್ತುವಾಗ, ಒಂದು ಪಾಲು ತಿಂಗಳ ಬೆಳೆಗೆ ಎಡೆಕುಂಟೆ ಹೊಡೆದು ಮಣ್ಣು ಏರಿಸುವಾಗ, ಉಳಿದದ್ದು ನೆತ್ತಿಯ ಗಂಡು ಹೂವು, ಎಂದರೆ ಸೂಲಂಗಿ, ಮೂಡುವ ಮುಂಚೆ. ರಾಜ್ಯದಲ್ಲಿ ನೀರಾವರಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, 40 ಕಿಲೋ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಮಳೆಯಾಶ್ರಿತ ಬೆಳೆಗೆ 100, 50, 25 ಕಿಲೋ. ಇದನ್ನು ಎಕರೆಗೆ, ಅಂಗಡಿಯ ಮೂಟೆಗೆ ಇಳಿಸಿ ನೋಡಿದರೆ ಲೆಕ್ಕ ಸುಲಭ. ನೀರಾವರಿಯ ಒಂದು ಎಕರೆಗೆ ಸುಮಾರು 65 ಕಿಲೋ ಡಿಎಪಿ, 105 ಕಿಲೋ ಯೂರಿಯಾ, 27 ಕಿಲೋ ಮ್ಯುರೇಟ್ ಆಫ್ ಪೊಟ್ಯಾಷ್. ಡಿಎಪಿ ಮತ್ತು ಪೊಟ್ಯಾಷ್ ಬಿತ್ತುವಾಗಲೇ ಮಣ್ಣು ಸೇರಬೇಕು, ಅದೂ ಬೀಜಕ್ಕೆ ತಾಗದಂತೆ ಸುಮಾರು ಎರಡು ಅಂಗುಲ ಪಕ್ಕಕ್ಕೆ, ಕೆಳಗೆ. ರಂಜಕ ಬಿದ್ದಲ್ಲಿಂದ ಹೆಚ್ಚು ಸರಿದಾಡುವುದಿಲ್ಲ. ಬೆಳೆ ಎದ್ದ ಮೇಲೆ ಡಿಎಪಿಯನ್ನು ಮೇಲೆ ಎರಚಿದರೆ ಅದರ ರಂಜಕದ ಬಹುಪಾಲು ಬೇರಿನ ಕೈಗೆ ಸಿಗದೆ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ.

ಯೂರಿಯಾದ ಗುಣವೇ ಬೇರೆ. ಅದು ನೀರಿನಲ್ಲಿ ಬೇಗ ಕರಗುತ್ತದೆ, ಗಾಳಿಗೂ ಬೇಗ ಹೋಗುತ್ತದೆ. ಒದ್ದೆ ನೆಲದ ಮೇಲೆ ಎರಚಿ, ಮುಚ್ಚದೆ ಬಿಟ್ಟು, ಬಿಸಿಲು ಬಿದ್ದರೆ ಅಮೋನಿಯಾ ಆಗಿ ಹಾರುತ್ತದೆ. ಹಾಕಿದ ಮರುದಿನ ಜಡಿಮಳೆ ಬಂದರೆ ತೊಳೆದುಹೋಗುತ್ತದೆ, ಇಲ್ಲವೇ ಬೇರಿನ ಕೆಳಕ್ಕೆ ಇಳಿದುಬಿಡುತ್ತದೆ. ಗಿಡದ ಬುಡದಿಂದ ತುಸು ದೂರ ಸಾಲಿನಲ್ಲಿ ಹಾಕಿ ಎಡೆಕುಂಟೆಯಿಂದ ಮಣ್ಣು ಮುಚ್ಚಿದರೆ, ಆಮೇಲೆ ಹದವಾದ ಒಂದು ಮಳೆ ಬಿದ್ದರೆ, ಕೊಟ್ಟದ್ದು ಬೆಳೆಗೆ ದಕ್ಕುತ್ತದೆ. ಅದೇ ಮೂಟೆ, ಅದೇ ಹೊಲ. ಹಾಕಿದ ಬಗೆ ಮತ್ತು ಹೊತ್ತಿನ ಮೇಲೆ ಫಲ ನಿಂತಿದೆ.

ಅಗ್ಗದ ಯೂರಿಯಾ, ತಪ್ಪಿದ ತೂಕ

45 ಕಿಲೋ ಯೂರಿಯಾ ಮೂಟೆಯ ಬೆಲೆ 266 ರೂಪಾಯಿ 50 ಪೈಸೆ. ಅದರಲ್ಲಿ ಸಾರಜನಕ 20.7 ಕಿಲೋ, ಎಂದರೆ ಕಿಲೋಗೆ ಹದಿಮೂರು ರೂಪಾಯಿ. 50 ಕಿಲೋ ಡಿಎಪಿ ಮೂಟೆಗೆ 1,350 ರೂಪಾಯಿ. ಅದರಲ್ಲಿರುವ ಸಾರಜನಕದ ಬೆಲೆ ಕಳೆದರೆ ರಂಜಕಕ್ಕೆ ಕಿಲೋಗೆ ಐವತ್ತು ರೂಪಾಯಿ ದಾಟುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧರಿಸಿ ಸಬ್ಸಿಡಿ ಕೊಡುವ ಪದ್ಧತಿ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ಹಳೆಯ ದರ ನಿಯಂತ್ರಣವನ್ನೇ ಮುಂದುವರಿಸಿತು. ರಂಜಕ, ಪೊಟ್ಯಾಷ್ ಏರಿದವು, ಯೂರಿಯಾ ಇದ್ದಲ್ಲೇ ಉಳಿಯಿತು. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ರೈತ ಅಗ್ಗದ್ದನ್ನು ಕೊಳ್ಳುತ್ತಾನೆ. ಕೆಲವೇ ದಿನಗಳಲ್ಲಿ ಬೆಳೆ ಕಡು ಹಸಿರಾಗುವುದೂ ಅದರಿಂದಲೇ. ಸೊಸೈಟಿ ಮುಂದಿನ ಸಾಲುಗಳಿಗೆ ಈ ಬೆಲೆ ನೀತಿಯೂ ಒಂದು ಕಾರಣ. ಇದರಲ್ಲಿ ರೈತರನ್ನು ದೂರಿ ಫಲವಿಲ್ಲ.

ಆದರೆ ಆ ಹಸಿರಿಗೆ ಮಣ್ಣು ತೆರುವ ಬೆಲೆಯನ್ನು ಹಿಮಾಚಲ ಪ್ರದೇಶದ ಪಾಲಂಪುರದ ಒಂದು ಹೊಲ ತೋರಿಸಿಕೊಟ್ಟಿದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ 1972ರಿಂದ ಮೆಕ್ಕೆಜೋಳ–ಗೋಧಿ ಬೆಳೆ ಸರಣಿಯ ಮೇಲೆ ದೀರ್ಘಾವಧಿ ಪ್ರಯೋಗ ನಡೆಯುತ್ತಿದೆ. ಅದೇ ಮಣ್ಣು, ಅದೇ ಬೆಳೆ. ಒಂದೊಂದು ಮಡಿಗೆ ಮಾತ್ರ ಒಂದೊಂದು ಬಗೆಯ ಉಪಚಾರ. ಒಂದು ಮಡಿಗೆ ಪ್ರತಿವರ್ಷ ಬರೀ ಯೂರಿಯಾ ರೂಪದ ಸಾರಜನಕ ಕೊಟ್ಟರು. ಮೊದಮೊದಲು ಬೆಳೆ ಬಂತು. ವರ್ಷಗಳು ಉರುಳಿದಂತೆ ಮೊದಲೇ ತುಸು ಹುಳಿಯಾಗಿದ್ದ ಆ ಮಣ್ಣು ಇನ್ನಷ್ಟು ಹುಳಿಯಾಯಿತು. ಮಣ್ಣಿನಲ್ಲಿ ಅಡಗಿದ್ದ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಯಿತು. ಕೊನೆಗೆ ಆ ಮಡಿಯಲ್ಲಿ ಮೆಕ್ಕೆಜೋಳದ ಇಳುವರಿ ಸೊನ್ನೆಗೆ ಇಳಿಯಿತು. ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಜೊತೆ ಕೊಟ್ಟಿಗೆ ಗೊಬ್ಬರ ಕೊಟ್ಟ ಮಡಿಗಳು, ಸುಣ್ಣ ಕೊಟ್ಟ ಮಡಿಗಳು ಎಲ್ಲಕ್ಕಿಂತ ಮುಂದೆ ನಿಂತವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ 1986ರಿಂದ ನಡೆದಿರುವ ರಾಗಿ–ಮೆಕ್ಕೆಜೋಳ ಪ್ರಯೋಗದ ಪಾಠವೂ ಇದೇ: ಸಮತೋಲದ ರಸಗೊಬ್ಬರ, ಕೊಟ್ಟಿಗೆ ಗೊಬ್ಬರ, ಹುಳಿ ಕಳೆಯುವ ಸುಣ್ಣ, ಮೂರೂ ಸೇರಿದಲ್ಲಿ ಬೆಳೆ ನಿಲ್ಲುತ್ತದೆ.

ಮೂರು ಮುಖ್ಯ ಪೋಷಕಾಂಶಗಳ ಆಚೆಗೂ ಕೊರತೆಗಳಿವೆ. ಸುಜಲ ಜಲಾನಯನ ಯೋಜನೆಯ ಜಿಲ್ಲೆಗಳಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಮಣ್ಣು ಪರೀಕ್ಷೆ ಮಾಡಿದಾಗ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡಿತು. ಆ ಅನುಭವದ ಮೇಲೆ 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ 'ಭೂಚೇತನ' ಕಾರ್ಯಕ್ರಮ ಆರಂಭಿಸಿತು. ಮಣ್ಣಿನಲ್ಲಿ ಏನಿಲ್ಲವೋ ಅದನ್ನೇ ಹುಡುಕಿ ಕೊಟ್ಟಾಗ ಮಳೆಯಾಶ್ರಿತ ಬೆಳೆಗಳ ಇಳುವರಿ ಶೇ 20ರಿಂದ 66ರವರೆಗೆ ಏರಿತೆಂದು ಆ ಕಾರ್ಯಕ್ರಮದ ವರದಿಗಳು ದಾಖಲಿಸಿವೆ. ಮೆಕ್ಕೆಜೋಳವಂತೂ ಸತುವಿನ ಕೊರತೆಯನ್ನು ಬೇಗ ಬಾಯಿಬಿಟ್ಟು ಹೇಳುವ ಬೆಳೆ.

ಗಿಡದ ಭಾಷೆ ಕಲಿಯುವುದು ಕಷ್ಟವಲ್ಲ. ಕೆಳಗಿನ ಎಲೆ ತುದಿಯಿಂದ ಶುರುವಾಗಿ ನಡುದಿಂಡಿನ ಗುಂಟ ಹಳದಿಯಾಗುತ್ತ ಬಂದರೆ ಸಾರಜನಕ ಸಾಲದು. ಎಳೆಯ ಗಿಡದ ಎಲೆಗೆ ನೇರಳೆ ಛಾಯೆ ಬಂದರೆ ರಂಜಕದ ಕೊರತೆ, ಇಲ್ಲವೇ ಥಂಡಿಗೆ ಬೇರು ಮುದುಡಿದೆ. ಕೆಳಗಿನ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಬೇಕು. ಹೊಸ ಎಲೆಗಳ ಬುಡದಲ್ಲಿ ಬಿಳಿ ಪಟ್ಟೆ ಕಂಡರೆ ಸತು ಇಲ್ಲ. ಮಣ್ಣಿನ ಕೊರತೆ ನೋಡಿಕೊಂಡು ಎಕರೆಗೆ 4ರಿಂದ 10 ಕಿಲೋ ಸತುವಿನ ಸಲ್ಫೇಟ್ ಸಾಕು. ಅದನ್ನು ಡಿಎಪಿ ಜೊತೆ ಕಲಸಿದರೆ ಎರಡೂ ಗಿಡಕ್ಕೆ ದಕ್ಕದಂತೆ ಕಟ್ಟಿಕೊಳ್ಳುತ್ತವೆ. ಒಣಗಿದ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬೇರೆಯಾಗಿ ಹಾಕುವುದು ಕ್ಷೇಮ.

ತಿಪ್ಪೆಯ ಶಕ್ತಿ, ತಿಪ್ಪೆಯ ಮಿತಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಸಗೊಬ್ಬರಕ್ಕೆ 'ಸರ್ಕಾರಿ ಗೊಬ್ಬರ' ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಅದು ಬರುವ ಮುನ್ನ ಹೊಲವನ್ನು ಸಾಕಿದ್ದು ಮನೆಯ ತಿಪ್ಪೆ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬಿಸುವುದು, ಬಂಡಿಯಲ್ಲಿ ಗೊಬ್ಬರ ಹೇರುವುದು, ಕೆರೆಗೋಡು ತಂದು ಹರಡುವುದು ಬೇಸಾಯದ ವರ್ಷಾವರ್ತಿ ಕೆಲಸವಾಗಿತ್ತು. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಕಿರಿದಾಯಿತು, ತಿಪ್ಪೆಯೂ ಕುಗ್ಗಿತು. ಶಿಫಾರಸಿನಂತೆ ಎಕರೆಗೆ ಮೂರರಿಂದ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹಾಕಲು ಈಗ ಎಷ್ಟೋ ಮನೆಗಳಲ್ಲಿ ದನಗಳೇ ಇಲ್ಲ.

ಕೊಟ್ಟಿಗೆ ಗೊಬ್ಬರವೊಂದರಿಂದಲೇ ಹೈಬ್ರಿಡ್ ಮೆಕ್ಕೆಜೋಳ ಬೆಳೆಯಬಹುದೇ? ಲೆಕ್ಕ ಹಾಕಿ ನೋಡಬೇಕು. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ಶೇ ಅರ್ಧದಷ್ಟು. ನಾಲ್ಕು ಟನ್ ಹಾಕಿದರೆ ಸುಮಾರು 20 ಕಿಲೋ. ಅದರಲ್ಲೂ ಮೂರನೇ ಒಂದು ಪಾಲಷ್ಟೇ ಮೊದಲ ಬೆಳೆಗೆ ಸಿಗುತ್ತದೆ. ಉಳಿದದ್ದು ನಿಧಾನವಾಗಿ ಕೊಳೆಯುತ್ತ ಮುಂದಿನ ಬೆಳೆಗಳಿಗೆ ಒದಗುತ್ತದೆ. 50–60 ಕಿಲೋ ಬೇಡುವ ಬೆಳೆಗೆ ಆರೇಳು ಕಿಲೋ ಎಲ್ಲಿಗೆ ಸಾಕು? ಸಾರಜನಕದ ಚೀಲವಾಗಿ ಮಾತ್ರ ನೋಡಿದರೆ ತಿಪ್ಪೆಗೊಬ್ಬರ ಸೋಲುತ್ತದೆ.

ಅದರ ಕೆಲಸ ಇನ್ನೊಂದು. ಕೊಳೆತ ಸಾವಯವ ಪದಾರ್ಥ ಮಣ್ಣಿನ ಕಣಗಳನ್ನು ಬೆಸೆದು ಹೆಪ್ಪುಗಟ್ಟಿಸುತ್ತದೆ. ಮಸಾರಿ ನೆಲದಲ್ಲಿ ಮಳೆನೀರು ಮೇಲೆ ಹರಿದು ಹೋಗದೆ ಇಂಗುತ್ತದೆ, ಎರೆ ನೆಲದಲ್ಲಿ ಬೇರಿಗೆ ಗಾಳಿಯಾಡುತ್ತದೆ. ಕೊಟ್ಟ ಯೂರಿಯಾ, ಪೊಟ್ಯಾಷ್‌ಗಳನ್ನು ತೊಳೆದುಹೋಗದಂತೆ ಹಿಡಿದಿಟ್ಟು ಬೇಕಾದಾಗ ಬಿಟ್ಟುಕೊಡುವ ಶಕ್ತಿಯೂ ಮಣ್ಣಿಗೆ ಬರುತ್ತದೆ. ಸತು, ಬೋರಾನ್‌ಗಳು ಚೂರುಪಾರಾದರೂ ಸೇರುತ್ತವೆ, ಸೂಕ್ಷ್ಮಜೀವಿಗಳಿಗೆ ಆಹಾರ ಸಿಗುತ್ತದೆ. ಹೀಗೆ ತಿಪ್ಪೆಗೊಬ್ಬರ ಮೂಟೆಗೊಬ್ಬರದ ಜಾಗ ತುಂಬುವುದಿಲ್ಲ, ಮೂಟೆಗೊಬ್ಬರವನ್ನು ಬೆಳೆಗೆ ದಕ್ಕುವಂತೆ ಮಾಡುತ್ತದೆ. ಒಂದು ವಾರ ಮಳೆ ಕೈಕೊಟ್ಟಾಗ ಪಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದು ಬಾಡಿ, ಇನ್ನೊಂದು ತಡೆದುಕೊಳ್ಳುವುದಕ್ಕೆ ಕಾರಣ ಹುಡುಕಿದರೆ ಉತ್ತರ ಬಹಳ ಸಲ ಈ ಸಾವಯವ ಅಂಶದಲ್ಲೇ ಸಿಗುತ್ತದೆ.

ಕೊಡುವ ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ, ಅರೆಕೊಳೆತ ಹುಲ್ಲು ಹಾಕಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಬೆಳೆಯನ್ನು ಹಸಿವಿಗೆ ನೂಕುತ್ತವೆ. ಗೊಣ್ಣೆಹುಳು, ಕಳೆಬೀಜಗಳೂ ಜೊತೆಗೆ ಬರುತ್ತವೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಕೊಟ್ಟಿಗೆ ಗೊಬ್ಬರದ ಹಲವು ಪಟ್ಟು ಇರುತ್ತದೆ. ಕಳಿಯದೆ ಹಾಕಿದರೆ ಎಳೆಯ ಸಸಿ ಸುಡುತ್ತದೆ. ಮೆಕ್ಕೆಜೋಳ ತಿಂದ ಕೋಳಿಯ ಗೊಬ್ಬರ ಮೆಕ್ಕೆಜೋಳದ ಹೊಲಕ್ಕೇ ಮರಳುವುದು ಒಳ್ಳೆಯ ಚಕ್ರ, ಕಳಿಸಿ ಹಾಕುವ ತಾಳ್ಮೆ ಇದ್ದರೆ.

ನೂರೈವತ್ತು ವರ್ಷಗಳ ಹೊಲ

ಒಂದೇ ಹೊಲದಲ್ಲಿ ವರ್ಷದಿಂದ ವರ್ಷಕ್ಕೆ ಮೆಕ್ಕೆಜೋಳವನ್ನೇ ಬೆಳೆದರೆ ಏನಾಗುತ್ತದೆ? ಇದಕ್ಕೆ ಜಗತ್ತಿನಲ್ಲಿ ಅತ್ಯಂತ ದೀರ್ಘ ಉತ್ತರ ಇರುವುದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ. ಅರ್ಬಾನಾ ಊರಿನ ಆ ವಿಶ್ವವಿದ್ಯಾಲಯದ ನಟ್ಟನಡುವೆ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ತಾಕು 1876ರಿಂದ ಇದೆ. ಅದರ ಪಕ್ಕದಲ್ಲೇ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಕಟ್ಟಬೇಕಾಗಿ ಬಂದಾಗ, ಕಟ್ಟಡದ ನೆರಳು ಬೆಳೆಯ ಮೇಲೆ ಬೀಳಬಾರದೆಂದು ಇಡೀ ಗ್ರಂಥಾಲಯವನ್ನೇ ನೆಲದಡಿ ಕಟ್ಟಿದರು. 1969ರಲ್ಲಿ ಅದು ತೆರೆಯಿತು.

ಅಲ್ಲಿನ ಒಂದು ತಾಕಿನಲ್ಲಿ ಶುರುವಿನಿಂದ ಇಂದಿನವರೆಗೂ ಪ್ರತಿವರ್ಷ ಮೆಕ್ಕೆಜೋಳವೇ. ಇನ್ನೊಂದರಲ್ಲಿ ಎರಡು ಬೆಳೆಗಳ ಸರದಿ, ಮತ್ತೊಂದರಲ್ಲಿ ಮೆಕ್ಕೆಜೋಳ, ಓಟ್ಸ್, ಬೇಳೆ ಜಾತಿಯ ಮೇವು ಹೀಗೆ ಮೂರರ ಸರದಿ. 1904ರಲ್ಲಿ ತಾಕುಗಳ ಒಂದೊಂದು ಭಾಗಕ್ಕೆ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕ ಕೊಡತೊಡಗಿದರು. 1955ರಲ್ಲಿ ರಸಗೊಬ್ಬರದ ಉಪಚಾರ ಸೇರಿತು. ಏನೂ ಕೊಡದೆ ಬರೀ ಮೆಕ್ಕೆಜೋಳ ಬೆಳೆದ ಭಾಗ ಎಲ್ಲಕ್ಕಿಂತ ಹಿಂದುಳಿಯಿತು. ಜಗತ್ತಿನ ಅತ್ಯಂತ ಫಲವತ್ತಾದ ಕಪ್ಪು ಮಣ್ಣುಗಳಲ್ಲಿ ಒಂದಾಗಿದ್ದರೂ ಅದು ತನ್ನ ಸಾವಯವ ಅಂಶದ ಸುಮಾರು ಅರ್ಧದಷ್ಟನ್ನು ಕಳೆದುಕೊಂಡಿತು. ಎಂಬತ್ತು ವರ್ಷ ಹಸಿದ ಮಣ್ಣಿಗೆ 1955ರಲ್ಲಿ ರಸಗೊಬ್ಬರ ಸಿಕ್ಕೊಡನೆ ಇಳುವರಿ ಜಿಗಿಯಿತು. ರಸಗೊಬ್ಬರದ ಸಾಮರ್ಥ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಬೆಳೆ ಸರದಿ ಮತ್ತು ಗೊಬ್ಬರ ಎರಡೂ ಇದ್ದ ತಾಕುಗಳನ್ನು ಬರೀ ಮೆಕ್ಕೆಜೋಳದ ತಾಕು ಹಿಂದಿಕ್ಕಲಿಲ್ಲ. ಹೆಚ್ಚು ರಸಗೊಬ್ಬರ ಹಾಕಿ ಹೆಚ್ಚು ದಂಟು ಮಣ್ಣಿಗೆ ಸೇರಿಸಿದರೆ ಸಾವಯವ ಇಂಗಾಲ ತಾನಾಗಿ ಏರುತ್ತದೆ ಎಂಬ ನಂಬಿಕೆಯನ್ನು ಅದೇ ವಿಶ್ವವಿದ್ಯಾಲಯದ ಕೆಲವು ವಿಜ್ಞಾನಿಗಳು 2007ರಲ್ಲಿ ಈ ತಾಕುಗಳ ದಾಖಲೆಯಿಂದಲೇ ಪ್ರಶ್ನಿಸಿದರು. ಅವರ ವಾದಕ್ಕೆ ಎದುರುವಾದಗಳೂ ಬಂದವು, ಚರ್ಚೆ ಮುಗಿದಿಲ್ಲ.

ಹಾವೇರಿ, ದಾವಣಗೆರೆಯ ಎಷ್ಟೋ ಹೊಲಗಳು ಈಗ ಅದೇ ಮೊದಲ ತಾಕಿನ ದಾರಿಯಲ್ಲಿವೆ. ವರ್ಷ ವರ್ಷವೂ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ, ನಡುವೆ ಬೇಳೆಕಾಳಿನ ಬೆಳೆ ಇಲ್ಲ, ತಿಪ್ಪೆಗೊಬ್ಬರ ಕಡಿಮೆ. ಅದೂ ಇಲಿನಾಯ್‌ನಷ್ಟು ಸಾವಯವ ಅಂಶದ ಬಂಡವಾಳ ಇಲ್ಲದ ಮಣ್ಣಿನಲ್ಲಿ.

ಹೂವಿನ ಹದಿನೈದು ದಿನ

ಇನ್ನು ನೀರು. ಒಂದು ಬೆಳೆಗೆ ಒಟ್ಟು 500ರಿಂದ 800 ಮಿಲಿಮೀಟರ್ ನೀರು ಬೇಕು. ಮಧ್ಯ ಕರ್ನಾಟಕದ ಮುಂಗಾರು ಒಳ್ಳೆಯ ವರ್ಷ ಇಷ್ಟಕ್ಕೆ ಹತ್ತಿರ ಬರುತ್ತದೆ. ಆದರೆ ಒಟ್ಟು ಮಳೆಯ ಅಂಕಿ ನೋಡಿ ಸಮಾಧಾನಪಡುವಂತಿಲ್ಲ. ಮೆಕ್ಕೆಜೋಳ ನೀರಿಗಾಗಿ ಕಾಯುವ ಹದಿನೈದು–ಇಪ್ಪತ್ತು ದಿನಗಳಿವೆ. ಆ ದಿನಗಳಲ್ಲಿ ಬಂದ ಮಳೆಗೆ ಒಂದು ಬೆಲೆ, ಉಳಿದ ದಿನಗಳ ಮಳೆಗೆ ಇನ್ನೊಂದು.

ಗಿಡದ ನೆತ್ತಿಯಲ್ಲಿ ಬಿಡುವ ಸೂಲಂಗಿ ಗಂಡು ಹೂವು. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆಗಳು ಹೆಣ್ಣು ಭಾಗ. ಒಂದೊಂದು ಎಳೆ ಒಂದೊಂದು ಕಾಳಿಗೆ ಸೇರಿದ್ದು. ಸೂಲಂಗಿಯಿಂದ ಉದುರುವ ಲಕ್ಷಾಂತರ ಪರಾಗಗಳಲ್ಲಿ ಒಂದಾದರೂ ಆ ಎಳೆಗೆ ಅಂಟಿದರೆ ಮಾತ್ರ ಅಲ್ಲೊಂದು ಕಾಳು. ಪರಾಗ ಉದುರುವುದು ಒಂದು ವಾರದ ಆಸುಪಾಸು. ಎಳೆಗಳು ಉದ್ದವಾಗುವುದಕ್ಕೆ ಬಹಳ ನೀರು ಬೇಕು. ಮಣ್ಣು ಒಣಗಿದ್ದರೆ ಅವು ಹೊರಬರುವುದು ತಡವಾಗುತ್ತದೆ. ಸೂಲಂಗಿ ಮಾತ್ರ ತನ್ನ ಹೊತ್ತಿಗೆ ಪರಾಗ ಉದುರಿಸಿ ಮುಗಿಸುತ್ತದೆ. ಎಳೆ ಬಂದಾಗ ಪರಾಗವಿಲ್ಲ. ಅರ್ಧ ತುಂಬಿದ, ತುದಿ ಬೋಳಾದ, ನಡುನಡುವೆ ಹಲ್ಲು ಬಿದ್ದ ಬಾಯಂತೆ ಕಾಣುವ ತೆನೆಗಳ ಹಿಂದಿರುವುದು ಬಹುಮಟ್ಟಿಗೆ ಈ ತಪ್ಪಿದ ಭೇಟಿಯೇ. ಹೂವಿನ ಹಂತದ ತೀವ್ರ ಬರ ಇಳುವರಿಯನ್ನು ಅರ್ಧಕ್ಕೆ ಇಳಿಸಬಲ್ಲದು, ಕೆಲವೊಮ್ಮೆ ಕಾಳೇ ಕಟ್ಟದಂತೆ ಮಾಡಬಲ್ಲದು.

ಮೃಗಶಿರದಲ್ಲಿ ಬಿತ್ತಿದ ಬೆಳೆ ಐವತ್ತೈದು–ಅರವತ್ತು ದಿನಕ್ಕೆ, ಎಂದರೆ ಆಶ್ಲೇಷ, ಮಘೆ ಮಳೆಗಳ ಹೊತ್ತಿಗೆ ಹೂವಿಗೆ ಬರುತ್ತದೆ. ಆ ಮಳೆಗಳು ಕೈಕೊಟ್ಟ ವರ್ಷ ರೈತರು ಆಕಾಶ ನೋಡುವುದಕ್ಕೆ ಸಸ್ಯಶಾಸ್ತ್ರದ ಬಲವಾದ ಕಾರಣವಿದೆ. ಬೆಳೆ ತುಂಬು ಎಲೆಯಲ್ಲಿರುವ ಆ ದಿನಗಳಲ್ಲಿ ಒಂದು ಎಕರೆ ದಿನಕ್ಕೆ ಏಳೆಂಟು ಮಿಲಿಮೀಟರ್, ಎಂದರೆ ಸುಮಾರು 30 ಸಾವಿರ ಲೀಟರ್ ನೀರು ಕುಡಿಯಬಲ್ಲದು.

ಇಲ್ಲಿ ಕೃಷಿಹೊಂಡದ ಮಹತ್ವ ಕಾಣುತ್ತದೆ. ಮಳೆಯಾಶ್ರಿತ ರೈತರಿಗಾಗಿ ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ 'ಕೃಷಿ ಭಾಗ್ಯ' ಯೋಜನೆಯಲ್ಲಿ ಹೊಂಡ, ಅದಕ್ಕೆ ಹಾಸುವ ಪ್ಲಾಸ್ಟಿಕ್ ಹೊದಿಕೆ, ಪಂಪು, ತುಂತುರು ನೀರಾವರಿ ಸಲಕರಣೆಗಳಿಗೆ ಸಹಾಯಧನ ಸಿಕ್ಕಿತು. ಒಂದು ಎಕರೆಗೆ 50 ಮಿಲಿಮೀಟರ್ ನೀರು ಕೊಡಲು ಬೇಕಾಗುವುದು ಸುಮಾರು 2 ಲಕ್ಷ ಲೀಟರ್. ಇಡೀ ಬೆಳೆಯನ್ನು ಹೊಂಡದ ನೀರಿನಿಂದ ಬೆಳೆಯಲಾಗದು. ಹೂವಿನ ಹೊತ್ತಿಗೆ ಒಂದೇ ಒಂದು ಸಲ ಆಸರೆ ನೀರು ಕೊಡಲು ಇಷ್ಟು ಸಾಕು. ಎರಡು ತಿಂಗಳು ಹಾಕಿದ ಬೀಜ, ಗೊಬ್ಬರ, ಕೂಲಿಯ ಖರ್ಚನ್ನು ಆ ಒಂದು ನೀರು ಉಳಿಸುತ್ತದೆ.

ನೀರು ಕೈಯಲ್ಲಿದ್ದರೆ ಏನಾಗಬಹುದೆಂಬುದನ್ನು ಆಂಧ್ರದ ಗುಂಟೂರು, ಕೃಷ್ಣಾ ಜಿಲ್ಲೆಗಳು ತೋರಿಸಿವೆ. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಉಳುಮೆಯಿಲ್ಲದೆ ಹಿಂಗಾರಿ ಮೆಕ್ಕೆಜೋಳ ಊರಿ, ಹದವರಿತು ನೀರು, ಗೊಬ್ಬರ ಕೊಟ್ಟು ರಾಷ್ಟ್ರೀಯ ಸರಾಸರಿಯ ಸುಮಾರು ಎರಡು ಪಟ್ಟು ಇಳುವರಿ ತೆಗೆಯುತ್ತಾರೆ. ಬಿಹಾರದ ಪೂರ್ಣಿಯಾ, ಕಟಿಹಾರ, ಖಗಡಿಯಾ ಭಾಗದ ಹಿಂಗಾರಿ ಬೆಳೆಯೂ ಮುಂಗಾರಿನದಕ್ಕಿಂತ ಬಹಳ ಮುಂದಿದೆ. ಮೋಡವಿಲ್ಲದ ಬಿಸಿಲು, ಹೆಚ್ಚು ದಿನ ನಿಲ್ಲುವ ಬೆಳೆ, ಕಡಿಮೆ ಕಳೆ, ಬೇಕೆಂದಾಗ ನೀರು ಎಲ್ಲವೂ ಅಲ್ಲಿ ಕೂಡಿಬರುತ್ತವೆ.

ಹಾಗೆಂದು ನೀರು ಹೆಚ್ಚಾದರೆ ಬೆಳೆ ಹೆಚ್ಚು ಎಂಬ ಮಾತಿಲ್ಲ. ಮೆಕ್ಕೆಜೋಳದ ಬೇರು ಉಸಿರುಗಟ್ಟುವುದನ್ನು ಸಹಿಸದು. ಎಳೆಯ ಗಿಡದ ಬೆಳವಣಿಗೆಯ ತುದಿ ಮೊದಲ ಕೆಲವು ವಾರ ಮಣ್ಣಿನೊಳಗೇ ಇರುತ್ತದೆ. ಎರಡು–ಮೂರು ದಿನ ನೀರು ನಿಂತರೆ ಗಿಡ ಹಳದಿಯಾಗುತ್ತದೆ, ಸಾಯಲೂಬಹುದು. ನೀರು ನಿಂತ ಮಣ್ಣಿನಲ್ಲಿ ಸಾರಜನಕವು ಅನಿಲವಾಗಿ ಹಾರಿಹೋಗುತ್ತದೆ. ಬಸಿಗಾಲುವೆ ತೆಗೆಯದೆ ಮತ್ತೊಂದು ಮೂಟೆ ಯೂರಿಯಾ ಎರಚಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬೋದುಗಳ ಮೇಲೆ ಬಿತ್ತಿ ಸಾಲಿನಲ್ಲಿ ನೀರು ಹರಿಯಲು ಬಿಡುವುದು, ಎರೆ ಹೊಲದ ತಗ್ಗಿನಲ್ಲಿ ಕಾಲುವೆ ತೆಗೆಯುವುದು ಗೊಬ್ಬರ ಉಳಿಸುವ ಕೆಲಸವೂ ಹೌದು.

ಮಲಾವಿ ಕಂಡ ಏರಿಳಿತ

ಗೊಬ್ಬರ ಮತ್ತು ಮಳೆಯ ಜೋಡಿಯನ್ನು ಒಂದು ಇಡೀ ದೇಶ ಅನುಭವಿಸಿ ನೋಡಿದೆ. ಆಗ್ನೇಯ ಆಫ್ರಿಕಾದ ಮಲಾವಿಯಲ್ಲಿ ಮೆಕ್ಕೆಜೋಳವೇ ದಿನನಿತ್ಯದ ಅನ್ನ. 2005ರ ಬರದಲ್ಲಿ ಅಲ್ಲಿ ಲಕ್ಷಾಂತರ ಜನ ಆಹಾರ ನೆರವಿಗೆ ಕೈಚಾಚಬೇಕಾಯಿತು. ಅಧ್ಯಕ್ಷ ಬಿಂಗು ವಾ ಮುಥಾರಿಕಾ ಅವರ ಸರ್ಕಾರ ಸಣ್ಣ ರೈತರಿಗೆ ಕೂಪನ್ ಕೊಟ್ಟು ಕಡಿಮೆ ದರದಲ್ಲಿ ರಸಗೊಬ್ಬರ, ಬೀಜ ಒದಗಿಸಿತು. ಮಳೆಯೂ ಕೂಡಿಬಂತು. ಸರ್ಕಾರಿ ಲೆಕ್ಕದಂತೆ ಸುಮಾರು 12 ಲಕ್ಷ ಟನ್‌ಗೆ ಕುಸಿದಿದ್ದ ಉತ್ಪಾದನೆ 2006ರಲ್ಲಿ 26 ಲಕ್ಷ ಟನ್‌ಗೆ ಏರಿ, 2007ರಲ್ಲಿ 30 ಲಕ್ಷ ದಾಟಿತು. ದೇಶ ನೆರೆಯವರಿಗೆ ಧಾನ್ಯ ಮಾರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2015ರ ಪ್ರವಾಹ ಮತ್ತು 2016ರ ಬರದಲ್ಲಿ, ಸಬ್ಸಿಡಿ ಇದ್ದೂ ಇಳುವರಿ ಬಿದ್ದು ಮತ್ತೆ ಹಸಿವು ಬಂತು. ಬೆಳೆಗೆ ನೀರಿಲ್ಲದಾಗ ಕೊಟ್ಟ ಗೊಬ್ಬರ ಮಣ್ಣಿನಲ್ಲೇ ಉಳಿಯುತ್ತದೆ, ರೈತನ ಸಾಲವೂ ಅಲ್ಲೇ ಉಳಿಯುತ್ತದೆ.

ಒಂದು ಎಕರೆಯ ವರ್ಷ

ಕರ್ನಾಟಕದ ಬೆಳೆಗಾರನಿಗೆ ಈ ಲೆಕ್ಕ ಇಂದು ಇನ್ನೂ ತುರ್ತಿನದು. 2025–26ರ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ವರ್ಷ ಕಟಾವಿನ ಹೊತ್ತಿಗೆ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ಖರೀದಿ ಕೇಂದ್ರ ತೆರೆಯಿರೆಂದು ರೈತರು ರಸ್ತೆಗಿಳಿದರು. ದರ ಕೈಯಲ್ಲಿಲ್ಲದವನಿಗೆ ಪ್ರತಿ ಕ್ವಿಂಟಲಿನ ಖರ್ಚು ತಗ್ಗಿಸುವುದೊಂದೇ ಉಳಿದ ದಾರಿ. ಅದು ಯೂರಿಯಾ ಮೂಟೆ ಏರಿಸುವುದರಿಂದ ಆಗುವ ಕೆಲಸವಲ್ಲ, ಈಗ ಹಾಕುತ್ತಿರುವುದನ್ನೇ ಬೆಳೆಗೆ ಪೂರ್ತಿ ದಕ್ಕಿಸುವುದರಿಂದ ಆಗಬೇಕಾದ್ದು.

ಕೆಲಸ ಶುರುವಾಗುವುದು ಬೇಸಿಗೆಯಲ್ಲಿ. ಬೆಳೆ ಇಲ್ಲದ ಹೊಲದ ಹತ್ತಾರು ಕಡೆ ಆರು ಅಂಗುಲ ಆಳದಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟರೆ ಮಣ್ಣಿನ ಹುಳಿ, ಇಂಗಾಲ, ರಂಜಕ, ಸತುವಿನ ಚಿತ್ರ ಸಿಗುತ್ತದೆ. ಹಾವೇರಿ ಜಿಲ್ಲೆಗೆ ಹನುಮನಮಟ್ಟಿಯ, ದಾವಣಗೆರೆಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರಗಳು ಹತ್ತಿರದಲ್ಲಿವೆ. ಬಿತ್ತನೆಗೆ ಎರಡು–ಮೂರು ವಾರ ಮೊದಲು ಕಳಿತ ಗೊಬ್ಬರ ಮಣ್ಣು ಸೇರಬೇಕು. ತಿಪ್ಪೆ ಇಲ್ಲದವರಿಗೆ ಕುರಿ ಮಂದೆ ಇದೆ, ಕಳಿಸಿದ ಕೋಳಿ ಗೊಬ್ಬರ ಇದೆ, ಮುಂಗಾರಿಪೂರ್ವ ಮಳೆಗೆ ಸೆಣಬು ಅಥವಾ ಡಯಾಂಚ ಚೆಲ್ಲಿ ಹೂವಿಗೆ ಮುನ್ನ ಮಣ್ಣಿಗೆ ಮಗುಚುವ ದಾರಿಯೂ ಇದೆ. ಬಿತ್ತುವಾಗ ರಂಜಕ, ಪೊಟ್ಯಾಷ್ ಮತ್ತು ಸಾರಜನಕದ ಮೊದಲ ಕಂತು. ತಿಂಗಳ ಬೆಳೆಗೆ ಕಳೆ ತೆಗೆದು ಎರಡನೆಯ ಕಂತು, ಮೇಲೆ ಮಣ್ಣು. ಮೂರನೆಯದು ಸೂಲಂಗಿ ಮೂಡುವ ಮುನ್ನ, ಹೊಲದಲ್ಲಿ ಹಸಿ ಇದ್ದರೆ ಮಾತ್ರ. ಮಣ್ಣು ಬಿರುಕು ಬಿಟ್ಟಿದ್ದರೆ ಆ ಮೂಟೆಯನ್ನು ಮಳೆ ಬರುವವರೆಗೆ ಮನೆಯಲ್ಲೇ ಇಟ್ಟುಕೊಳ್ಳುವುದು ಒಳಿತು. ಹೊಂಡವೋ ಬೋರ್‌ವೆಲ್ಲೋ ಇದ್ದವರು ನೀರನ್ನು ಎಳೆಯ ಬೆಳೆಗೆ ಖರ್ಚು ಮಾಡಿ ಮುಗಿಸದೆ ಹೂವಿನ ದಿನಗಳಿಗೆ ಕಾದಿಟ್ಟುಕೊಳ್ಳಬೇಕು.

ಕಟಾವಿನ ನಂತರದ ಕೆಲಸವನ್ನೇ ಹೆಚ್ಚು ಜನ ಬಿಟ್ಟುಬಿಡುತ್ತಾರೆ. ದನಗಳಿಗೆ ಬೇಡವಾದ ದಂಟಿಗೆ ಬೆಂಕಿ ಇಟ್ಟರೆ ಅದರಲ್ಲಿದ್ದ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಗಿಡ ಹೀರಿದ ಪೊಟ್ಯಾಷ್‌ನ ಹೆಚ್ಚಿನ ಪಾಲು ಇರುವುದೂ ಕಾಳಿನಲ್ಲಲ್ಲ, ದಂಟು–ಎಲೆಗಳಲ್ಲಿ. ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಯ ಗೊಬ್ಬರದ ಖರ್ಚಿನಲ್ಲಿ ಅಷ್ಟು ಉಳಿಯುತ್ತದೆ. ಹಲವು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ ಬಿತ್ತಿದ ಹೊಲದಲ್ಲಿ ಅಕ್ಟೋಬರಿನಲ್ಲಿ ತೆನೆ ಮುರಿದ ಮೇಲೂ ತೊಗರಿ ಬೆಳೆಯುತ್ತಲೇ ಇರುತ್ತದೆ. ಅದರ ಆಳದ ಬೇರು ಕೆಳಮಣ್ಣಿನ ತೇವ ಬಳಸಿಕೊಳ್ಳುತ್ತದೆ, ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ, ಉದುರಿದ ಎಲೆ ಮಣ್ಣಿಗೆ ಸೇರುತ್ತದೆ. ಡಿಸೆಂಬರ್–ಜನವರಿ ಹೊತ್ತಿಗೆ ಕೈಗೆ ಬರುವ ತೊಗರಿಯ ಹಣ, ಮುಂದಿನ ಮುಂಗಾರಿಗೆ ಬೇಕಾದ ಡಿಎಪಿ ಮತ್ತು ಪೊಟ್ಯಾಷನ್ನು ಸಾಲ ಮಾಡದೆ ಕೊಳ್ಳಲು ನೆರವಾಗುತ್ತದೆ.